ಪೈ ಅಂಗಡಿಯ ಮುಂದೆ ನಿಲ್ಲಿಸಿದ್ದು

ಡಂಕನ್,

ನೀವು ತೀರಿಕೊಂಡ ಮೇಲೆ ಇಂದು ಮೊದಲ ಬಾರಿಗೆ ನಾನೇ ನಿಮ್ಮ ದೋಣಿಯ ಟ್ರೇಲರನ್ನು ಕಾರಿಗೆ ಕಟ್ಟಿ ಸಮುದ್ರಕ್ಕೆ ಹೊರಟೆ. ದಾರಿಯಲ್ಲಿ ನೀವು ಪ್ರತಿ ಸಲ ಟ್ರೇಲರಿನ ಚಕ್ರ ಮುಟ್ಟಿ ನೋಡಲು ನಿಲ್ಲಿಸುತ್ತಿದ್ದ, ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈ ಮಾರುವ ಅಂಗಡಿಯ ಮುಂದೆ ನಾನು ನಿಲ್ಲಿಸಲಿಲ್ಲ. ಚಕ್ರದ ಬಿಸಿ ನೋಡುವುದು ಪೈ ತಿನ್ನಲು ನೀವು ಹೂಡಿದ ನೆಪವೆಂದು ಮೂವತ್ತು ವರ್ಷ ಅತಿಥಿಗಳೆದುರು ಸಾರಿದವಳು ನಾನು. ಮುಂದಿನ ತಿರುವಿನಲ್ಲಿ ಎಡಚಕ್ರ ಹೊಗೆಯಾಡಿತು.

ನನ್ನ ಹಳೆಯ ವಿದ್ಯಾರ್ಥಿ, ಮೆಕ್ಯಾನಿಕ್ ರಾವಿರಿ ಬಂದ. "ಸರ್ ಹೋದ್ಮೇಲೆ ಚಕ್ರದ ಬೇರಿಂಗ್‌ಗೆ ಯಾರೂ ಗ್ರೀಸ್ ಹಾಕಿಲ್ಲ, ಟೀಚರ್. ಅವರು ಪೈ ಅಂಗಡಿ ಹತ್ರಾನೇ ಕೈಯಿಟ್ಟು ನೋಡ್ತಿದ್ರು. ಈ ಪರೀಕ್ಷೇಲಿ ನೀವು ಫೇಲು," ಎಂದ. ಶಾಲೆಯಲ್ಲಿ ಅವನಿಗೆ ಎರಡು ಬಾರಿ ಸೊನ್ನೆ ಹಾಕಿದವಳು ನಾನೇ.

ಹೊಸ ಬೇರಿಂಗ್ ಹಾಕಿಸಿ ಮರಳುವಾಗ ಅಂಗಡಿಯ ಮುಂದೆ ನಿಲ್ಲಿಸಿ, ಚಕ್ರದ ನಡುಭಾಗಕ್ಕೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಅಷ್ಟೇ. ಅಂಗಡಿಯಾಕೆ ನಿಮ್ಮ ವಾಡಿಕೆಯಂತೆ ಎರಡು ಪೈ ಕಟ್ಟಿಕೊಟ್ಟಳು. ನೀವು ನನಗೆಂದು ಕೊಳ್ಳುತ್ತಿದ್ದ, ಇಷ್ಟು ವರ್ಷ ನಾನು ಬೇಡವೆಂದು ನಿಮಗೇ ಹಿಂದಿರುಗಿಸಿದ ಎರಡನೆಯದು ಬಹಳ ಚೆನ್ನಾಗಿತ್ತು.

ಎಲ್ಸ್‌ಪೆತ್