ಮೂವತ್ತಮೂರನೇ ಪುಟದ ಶಿಲುಬೆ

ಕಾರ್ಕಳ
10-11-2025, ಸೋಮವಾರ

ಪ್ರೀತಿಯ ಮಗಳು ಶಾರ್ಲೆಟ್‌ಗೆ,
(ಊರಿಗೆಲ್ಲ ನೀನು ಸಿಸ್ಟರ್. ನನಗೆ ಹಾಗೆ ಕರೆಯಲು ಇನ್ನೂ ನಾಲಿಗೆ ಹೊರಳುವುದಿಲ್ಲ.)

ಹಾಗಾಗಿ ಆ ಶಿಲುಬೆ ಮಮ್ಮಿಯದ್ದು ಅಲ್ಲವೇನೋ ಎಂದು ನಾನು ಹೇಳುವಷ್ಟರಲ್ಲಿ ನಿನ್ನೆ ನಿಮ್ಮ ಕಾನ್ವೆಂಟಿನ ಫೋನು ಕಟ್ಟಾಯಿತು. ಮತ್ತೆ ನಾಲ್ಕು ಸಲ ಮಾಡಿದೆ; ಯಾರೋ ಒಬ್ಬಳು ಹಿಂದಿಯಲ್ಲಿ ಒಂದೇ ಮಾತನ್ನು ನಾಲ್ಕು ಸಲವೂ ಹೇಳಿದಳು. ಹೋಗಲಿ, ಇಂಥದ್ದನ್ನು ಫೋನಿನಲ್ಲಿ ಹೇಳುವುದೂ ಕಷ್ಟ, ನಿನ್ನ ಪಕ್ಕದಲ್ಲಿ ಮದರ್ ನಿಂತಿರುತ್ತಾರೆ. ಕಾಗದವೇ ಸರಿ. ಅದಕ್ಕೆ ಮೊದಲು ನಿನ್ನ ಆರೋಗ್ಯ ಹೇಗುಂಟು? ಜಾರ್ಖಂಡಿನ ಚಳಿ ಶುರುವಾಯಿತಂತೆ, ಪೇಪರಿನಲ್ಲಿ ಓದಿದೆ. ಪಾಠ ಮಾಡಿ ಗಂಟಲು ಒಣಗಿ ಕೆಮ್ಮು ಬರುತ್ತದೆ ಎಂದಿದ್ದೆ. ಬಿಸಿನೀರಿಗೆ ನಾಲ್ಕು ಕಾಳುಮೆಣಸು ಜಜ್ಜಿ ಹಾಕಿ ಕುಡಿ, ನಾಚಿಕೆ ಮಾಡಬೇಡ, ಅಡುಗೆಮನೆಯಲ್ಲಿ ಕೇಳಿ ತೆಗೆದುಕೋ. ನಾನು ಚೆನ್ನಾಗಿದ್ದೇನೆ. ಶುಗರ್ ಉಂಟು, ಮೊಣಕಾಲು ನೋವು ಉಂಟು, ಎರಡೂ ಹಳೆಯ ನೆಂಟರು. ಬೆಳಿಗ್ಗೆ ಗಂಜಿ, ಮಧ್ಯಾಹ್ನಕ್ಕೆ ಬಂಗುಡೆ ಸಿಕ್ಕಿದರೆ ಬಂಗುಡೆ, ಇಲ್ಲದಿದ್ದರೆ ಮೊಟ್ಟೆ.

ಈಗ ಶಿಲುಬೆಯ ವಿಷಯ. ಬಸ್ ಸ್ಟ್ಯಾಂಡಿನ ಎದುರು, ಮಹಡಿಯಲ್ಲಿರುವ ಭೋಜಣ್ಣನ ಲೈಬ್ರರಿಯ ಪದ್ಧತಿ ನಿನಗೆ ನೆನಪಿರಬಹುದು. ಓದಿದ್ದನ್ನೇ ಮರೆತು ಪುನಃ ಮನೆಗೆ ತಾರದ ಹಾಗೆ ಅಲ್ಲಿ ಪ್ರತಿಯೊಬ್ಬರೂ ಪುಸ್ತಕದೊಳಗೆ ತಮ್ಮದೊಂದು ಗುರುತು ಹಾಕುತ್ತಾರೆ. ಒಬ್ಬರು ರಿಟೈರ್ಡ್ ಮಾಸ್ತರರು ಐವತ್ತನೇ ಪುಟದ ಸಂಖ್ಯೆಗೆ ಸುತ್ತು ಎಳೆಯುತ್ತಾರೆ, ಇನ್ನೊಬ್ಬರು ಕೊನೆಯ ಸಾಲಿನ ಕೆಳಗೆ ಎರಡು ಚುಕ್ಕಿ ಇಡುತ್ತಾರೆ. ಭೋಜಣ್ಣ ಬೈಯುತ್ತಾನೆ, ಆದರೆ ಅಳಿಸುವುದಿಲ್ಲ. ಮಮ್ಮಿ ತೀರಿಹೋದ ಮೇಲೆ ಜನವರಿಯಲ್ಲಿ ನಾನು ಅವಳದೇ ಮೆಂಬರ್‌ಶಿಪ್ಪಿನಲ್ಲಿ ಮೊದಲ ಪುಸ್ತಕ ತಂದೆ. ಅದರ ಮೂವತ್ತಮೂರನೇ ಪುಟದ ಅಡಿಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಪುಟ್ಟ ಶಿಲುಬೆ! ಯೇಸುಸ್ವಾಮಿಯ ವಯಸ್ಸು ಮೂವತ್ತಮೂರು, ಗುರುತು ಶಿಲುಬೆ, ಇದು ನಿನ್ನ ಮಮ್ಮಿ, ನಮ್ಮ ಕಾನ್ಸೆಪ್ಟಾ ಅಲ್ಲದೆ ಇನ್ಯಾರು ಎಂದುಕೊಂಡೆ. ಅಂದಿನಿಂದ ಕಪಾಟಿನ ಎದುರು ನಿಂತು ನೇರ ಮೂವತ್ತಮೂರನೇ ಪುಟ ತೆರೆದು ನೋಡಿ, ಶಿಲುಬೆ ಇದ್ದದ್ದನ್ನು ಮಾತ್ರ ತಂದೆ. ಈ ಹತ್ತು ತಿಂಗಳಲ್ಲಿ ಇಪ್ಪತ್ತಾರು ಪುಸ್ತಕ. ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನಾನು ಎಂಬುದನ್ನು ನೆನಪಿಟ್ಟುಕೊಂಡು ಈ ಸಂಖ್ಯೆಯನ್ನು ನೋಡು.

ಓದಿ ನನಗೆ ಎಂತ ಅನಿಸಿತು ಎಂದು ನೀನು ಕೇಳಿದ್ದೆ. ಉಡುಪಿಯ ಕಾಲೇಜಿನಲ್ಲಿ ನಮಗೆ ಕ್ರಿಟಿಕಲ್ ಅಪ್ರಿಸಿಯೇಶನ್ ಎಂದು ಐದು ಮಾರ್ಕಿನ ಪ್ರಶ್ನೆ ಇರುತ್ತಿತ್ತು. ‘ದಿ ಆಥರ್ ಹಿಯರ್ ಸೇಸ್’ ಎಂದು ಶುರು ಮಾಡಿದರೆ ಒಂದು ಮಾರ್ಕು ಖಂಡಿತ. ಮುಂದಿನದ್ದು ಮರೆತುಹೋಗಿದೆ, ಹಾಗಾಗಿ ನನ್ನದೇ ಕ್ರಮದಲ್ಲಿ ಹೇಳುತ್ತೇನೆ. ಪತ್ತೇದಾರಿ ಕಾದಂಬರಿಗಳಲ್ಲಿ ಕೊಲೆಗಾರ ಯಾರೆಂದು ನನಗೆ ಅರ್ಧದಲ್ಲೇ ಗೊತ್ತಾಗುತ್ತದೆ. ಮೂವತ್ತು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದವನಿಗೆ ಸುಳ್ಳು ಟೈಮು ಹೇಳುವವನ ಮುಖ ಅಕ್ಷರದಲ್ಲೂ ಕಾಣುತ್ತದೆ. ಅಕ್ಕಿಮಿಲ್ಲು ನಡೆಸುವ ವಿಧವೆಯ ಕಥೆ ಬಹಳ ಹಿಡಿಸಿತು, ಆದರೆ ಕೊನೆಗೆ ಅವಳಿಗೆ ಮದುವೆ ಮಾಡಿಸಿದ್ದು ಬರೆದವರ ಅವಸರ. ಒಂದು ದಪ್ಪ ಪುಸ್ತಕದಲ್ಲಿ ಮುನ್ನೂರು ಪುಟ ಜನ ಹುಟ್ಟುತ್ತಲೇ ಇರುತ್ತಾರೆ, ಯಾರ ಮಗ ಯಾರೆಂದು ನಾನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಬೇಕಾಯಿತು. ಇನ್ನೊಂದು ಉಂಟು, ಅದರ ವಿಷಯ ನಿನಗೆ ಈವರೆಗೆ ಹೇಳಿಲ್ಲ. ಅದರಲ್ಲಿ ಹೆಂಡತಿಯೊಬ್ಬಳು ಇಪ್ಪತ್ತು ವರ್ಷ ಗಂಡನಿಗೆ ಮನಸ್ಸಿನ ಒಂದು ಮಾತನ್ನೂ ಹೇಳುವುದಿಲ್ಲ, ಯಾಕೆಂದರೆ ಅವನು ಕೇಳುವುದೇ ಇಲ್ಲ. ಅದರ ಮೂವತ್ತಮೂರನೇ ಪುಟದಲ್ಲೂ ಶಿಲುಬೆ. ನನ್ನನ್ನು ನೆನೆಸಿಕೊಂಡೇ ಕಾನ್ಸೆಪ್ಟಾ ಇದನ್ನು ಓದಿರಬೇಕು ಎಂದು ಒಂದು ವಾರ ಊಟ ರುಚಿಸಲಿಲ್ಲ.

ನಾನು ಕೇಳಿದವನಲ್ಲ, ಅದು ಸತ್ಯ. ಶನಿವಾರ ನೀವು ತಾಯಿ ಮಗಳು ಹೋಗಿ ಪುಸ್ತಕ ಆರಿಸುತ್ತಿದ್ದಿರಿ, ಓದಿ ಮುಗಿದದ್ದನ್ನು ಡ್ಯೂಟಿಗೆ ಹೋಗುವಾಗ ಹಿಂದಿರುಗಿಸುವುದು ನನ್ನ ಕೆಲಸ. ಇಪ್ಪತ್ತೊಂಬತ್ತು ವರ್ಷ ಬುತ್ತಿಯ ಜೊತೆಗೆ ಆ ಪುಸ್ತಕಗಳನ್ನೂ ಚೀಲದಲ್ಲಿ ಹೊತ್ತೆ, ಒಂದನ್ನೂ ತೆರೆಯಲಿಲ್ಲ. ಮದುವೆಯಾದ ಹೊಸತರಲ್ಲಿ ಕಾಪುವಿಗೆ ಹೋಗಿದ್ದೆವು. ನಾನು ಲೈಟ್ ಹೌಸ್ ಹತ್ತಿ ಇಳಿದು ಬಂದರೆ ಇವಳು ಕೆಳಗೆ ಬಂಡೆಯ ಮೇಲೆ ಕುಳಿತು ಓದುತ್ತಿದ್ದಾಳೆ! ಗಾಳಿಗೆ ಸೆರಗು ಒಂದು ಕಡೆ, ಹಾಳೆ ಒಂದು ಕಡೆ. ಆರು ಹತ್ತರ ಬಸ್ಸು ತಪ್ಪುತ್ತದೆ ಎಂದೆ. “ಇನ್ನು ಎರಡೇ ಪುಟ ಉಂಟು. ಬಸ್ಸಿನವರು ನಿಮ್ಮ ಜನ ಅಲ್ವಾ, ಸ್ವಲ್ಪ ನಿಲ್ಲಿಸಿ” ಎಂದಳು. ಬಸ್ಸು ತಪ್ಪಿತು. ಮುಂದಿನ ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆ ಕೊಟ್ಟು ಆ ಕಥೆಯನ್ನು ಹೇಳಲು ಶುರು ಮಾಡಿದಳು, ನಾನು ಕಟಪಾಡಿ ಬರುವ ಮೊದಲೇ ನಿದ್ದೆ ಹೋದೆ. ಯಾವ ಕಥೆಯೋ ಏನೋ. ಮತ್ತೆ ಅವಳು ಹೇಳಲಿಲ್ಲ. ಕೊನೆಗೆ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಾತ್ರ “ಸ್ವಲ್ಪ ಓದಿ ಹೇಳಿ” ಎಂದಳು. ನಾನು ಓದಿದೆ. “ನೀವು ಓದುವುದು ಬಸ್ಸಿನ ಬೋರ್ಡು ಓದಿದ ಹಾಗೆ ಆಗುತ್ತದೆ” ಎಂದು ನಕ್ಕಳು, ಆದರೆ ನಿಲ್ಲಿಸಲು ಬಿಡಲಿಲ್ಲ.

ಹೀಗಿರುವಾಗ ಹೋದ ವಾರ ಒಂದು ಹೊಸ ಕಾದಂಬರಿ ತಂದೆ. ಅದರಲ್ಲೂ ಶಿಲುಬೆ. ಸಂತೋಷದಿಂದ ನೂರು ಪುಟ ಓದಿದ ಮೇಲೆ, ಕಣ್ಣಿಗೆ ವಿಶ್ರಾಂತಿ ಕೊಡೋಣವೆಂದು ಮೊದಲ ಹಾಳೆ ತಿರುಗಿಸಿದರೆ, ಅದು ಅಚ್ಚಾದದ್ದು ಈ ಜೂನ್ ತಿಂಗಳಲ್ಲಿ! ಮಮ್ಮಿ ಹೋದದ್ದು ಕಳೆದ ಡಿಸೆಂಬರಿನಲ್ಲಿ. ಕೈಯಲ್ಲಿದ್ದ ಚಹಾ ತಣ್ಣಗಾಯಿತು ಮಗಳೇ. ನಿನ್ನೆ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಪ್ಯಾಟ್ರಿಶಿಯಾ ಟೀಚರ್ ಸಿಕ್ಕಿದರು. ಅವರೂ ಭೋಜಣ್ಣನ ಗಿರಾಕಿ ಅಲ್ಲವೇ ಎಂದು ಸುಮ್ಮನೆ ಕೇಳಿದೆ. “ಅಯ್ಯೋ ದೇವಾ, ಅದು ನನ್ನ ಗುರುತು ವಲೇರಿಯನ್ ಬಾಬ್! ಮೂವತ್ತಮೂರು ಬಿಟ್ಟು ಬೇರೆ ಯಾವ ಪುಟಕ್ಕೆ ಹಾಕುವುದು?” ಎಂದರು. ಹಾಗಾದರೆ ಕಾನ್ಸೆಪ್ಟಾಳದ್ದು ಎಂತ ಎಂದೆ. “ನನ್ನನ್ನು ಕೇಳಿದರೆ? ಗಂಡ ನೀವಾ ನಾನಾ?” ಎಂದು ಕೊಡೆ ಬಿಡಿಸಿಕೊಂಡು ಹೋದರು. ಇವತ್ತು ಬೆಳಿಗ್ಗೆ ಭೋಜಣ್ಣನನ್ನು ಹಿಡಿದೆ. “ಶಿಲುಬೆ ಹಾಕುವವರು ನಾಲ್ಕೈದು ಜನ ಇದ್ದಾರೆ ಮಾರಾಯ್ರೆ. ಅತ್ತೂರು ಚರ್ಚಿನಲ್ಲಿ ಉರಿಯುವ ಸಾವಿರ ಮೇಣದಬತ್ತಿಗಳಲ್ಲಿ ಒಂದನ್ನು ತೋರಿಸಿ ಇದು ಯಾರದ್ದು ಅಂತ ಕೇಳಿದ ಹಾಗಾಯಿತು ನಿಮ್ಮದು” ಎಂದ. ಆ ಮೌನದ ಹೆಂಡತಿಯ ಪುಸ್ತಕ ಮಮ್ಮಿ ಓದಿರಲಿಕ್ಕಿಲ್ಲ ಎಂದು ಮೊದಲು ಸಮಾಧಾನವಾಯಿತು. ಮನೆಗೆ ಬಂದು ಕುಳಿತ ಮೇಲೆ, ಹಾಗಾದರೆ ಹತ್ತು ತಿಂಗಳು ನಾನು ಯಾರ ಜೊತೆ ಕುಳಿತು ಓದಿದೆ ಎಂಬ ಪ್ರಶ್ನೆ ಎದ್ದಿತು. ಅಳುವ ಕಥೆ ಓದಿ ಮನಸ್ಸು ಹಗುರಾಗುವುದಕ್ಕೆ ನಮ್ಮ ಲೆಕ್ಚರರು ಒಂದು ದೊಡ್ಡ ಶಬ್ದ ಹೇಳುತ್ತಿದ್ದರು. ಆ ಶಬ್ದವೂ ನೆನಪಿಲ್ಲ, ಮನಸ್ಸೂ ಹಗುರಾಗಲಿಲ್ಲ.

ಬರೆಯುತ್ತಾ ಬರೆಯುತ್ತಾ ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಹೊರಗೆ ಬಾವಿಕಟ್ಟೆ ಈಗ ಕಾಣುತ್ತಿಲ್ಲ, ಗೆರೆಯಿಲ್ಲದ ಈ ಕಾಗದದಲ್ಲಿ ನನ್ನ ಸಾಲುಗಳೂ ಕೆಳಗೆ ಇಳಿಯುತ್ತಿವೆ. ನಿಲ್ಲಿಸುತ್ತೇನೆ. ಆಶೀರ್ವಾದ ಮಾಡುವುದು ಅಪ್ಪನ ಹಕ್ಕು, ಮಾಡಿದ್ದೇನೆ. ಪ್ರಾರ್ಥನೆ ನಿನ್ನ ಇಲಾಖೆ, ನನಗಾಗಿ ಒಂದು ಹೆಚ್ಚು ಮಾಡು. ಮದರ್ ಅವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಪಪ್ಪಾ,
ವಲೇರಿಯನ್

ತಾ.ಕ.: ಮುಖ್ಯ ಮಾತೇ ಉಳಿಯಿತು. ಮಹಡಿ ಹತ್ತಲು ಆಗುವುದಿಲ್ಲವೆಂದು ಭೋಜಣ್ಣ ತಿಂಗಳ ಕೊನೆಗೆ ಲೈಬ್ರರಿ ಮುಚ್ಚುತ್ತಿದ್ದಾನೆ. ಹಳೆಯ ಮೆಂಬರುಗಳು ತಲಾ ಹನ್ನೆರಡು ಪುಸ್ತಕ ಇಟ್ಟುಕೊಳ್ಳಬಹುದಂತೆ. ನನಗೆ ಮಮ್ಮಿ ಓದಿದ ಹನ್ನೆರಡು ಬೇಕು. ಅವಳ ಜೊತೆ ಹೋಗುತ್ತಿದ್ದವಳು ನೀನು. ಅವಳು ಎಂತ ಗುರುತು ಹಾಕುತ್ತಿದ್ದಳು, ಯಾವ ಪುಟದಲ್ಲಿ, ನೆನಪಿದ್ದರೆ ಕೂಡಲೇ ತಿಳಿಸು. ನೆನಪಿಲ್ಲದಿದ್ದರೆ ಅಪ್ಪ ಪಾಪ ಎಂದು ಏನಾದರೂ ಹುಟ್ಟಿಸಿ ಬರೆಯಬೇಡ, ಗೊತ್ತಿಲ್ಲ ಎಂದೇ ಬರೆ. ಆಗ ಹಳೆಯ ಕಪಾಟಿನಿಂದ ಕಣ್ಣು ಮುಚ್ಚಿ ಹನ್ನೆರಡು ತೆಗೆಯುತ್ತೇನೆ. ವಾರಕ್ಕೆ ಎರಡರಂತೆ ಇಪ್ಪತ್ತೊಂಬತ್ತು ವರ್ಷ ಓದಿದವಳು ಮಗಳೇ. ಅವಳ ಕೈ ತಾಗದ ಪುಸ್ತಕ ಅಲ್ಲಿ ಉಳಿದಿರಲಿಕ್ಕಿಲ್ಲ.