ಅಮ್ಮನ ಮುಖದ ಬಗ್ಗೆ ಸಾರ್ವಜನಿಕ ಚರ್ಚೆ

ಮಂಗಳವಾರ, ಮಧ್ಯಾಹ್ನ
ಸ್ಟುಡಿಯೋದಿಂದ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ

ನಮ್ಮ ಮನೆಯ ವಿರೋಧ ಪಕ್ಷದ ನಾಯಕಿಯೂ, ನನ್ನನ್ನು ಹೆತ್ತ ತಪ್ಪಿಗೆ ಈ ಕಾಗದ ಓದಲೇಬೇಕಾದವಳೂ ಆದ ಅಮ್ಮನಿಗೆ, ಆಡಳಿತ ಪಕ್ಷದ ಕಚೇರಿಯಿಂದ ಕಿರಿಮಗಳ ಸಾಷ್ಟಾಂಗ ನಮಸ್ಕಾರಗಳು.

‘ಇತ್ತ ಎಲ್ಲರೂ ಕ್ಷೇಮ’ ಎಂದು ಬರೆಯುವುದು ಪದ್ಧತಿ. ಸುಳ್ಳು ಹೇಳಬಾರದೆಂದು ನೀನೇ ಕಿವಿ ಹಿಂಡಿ ಕಲಿಸಿದ್ದರಿಂದ ಆ ವಾಕ್ಯವನ್ನು ಕೈಬಿಟ್ಟಿದ್ದೇನೆ. ಅಪ್ಪ ಅಡುಗೆ ಮಾಡುತ್ತಾರೆ, ನಾನು ಉಣ್ಣುತ್ತೇನೆ. ಅದರ ರುಚಿಯ ಬಗ್ಗೆ ಇಬ್ಬರೂ ಮೌನ ವಹಿಸಿದ್ದೇವೆ.

ನೀನು ಫೋನ್ ಎತ್ತುವುದಿಲ್ಲ. ದೊಡ್ಡಮ್ಮ ಎತ್ತುತ್ತಾರೆ, ಎತ್ತಿ ನನ್ನ ಮೇಲೆ ರೇಗುತ್ತಾರೆ. ನನ್ನ ತಂಗಿ ಬಟ್ಟೆ ಚೀಲ ಹಿಡ್ಕೊಂಡು ಬಂದ್ಲು, ಯಾಕೆ ಅಂದ್ರೆ ಏನಿಲ್ಲ ಅಂತಾಳೆ, ನೀವೆಲ್ಲ ಸೇರಿ ಏನು ಮಾಡಿದ್ರಿ ಅವಳಿಗೆ, ಅಂತ. ಆದ್ದರಿಂದ ದೊಡ್ಡಮ್ಮನ ಅವಗಾಹನೆಗಾಗಿ ಕಥೆಯನ್ನು ಬುಡದಿಂದಲೇ ಬರೆಯುತ್ತಿದ್ದೇನೆ. ಓದಿ ಹೇಳು.

ದೊಡ್ಡಮ್ಮಾ, ಸರ್ಕಾರ ಎಲ್ಲರಿಗೂ ಗುರುತಿನ ಕಾರ್ಡ್ ಕೊಡುವ ಯೋಜನೆ ತಂದದ್ದು ನಿಮಗೆ ಗೊತ್ತು. ನಮ್ಮ ಬಡಾವಣೆಯವರ ಫೋಟೊ ತೆಗೆಯುವ ಕೆಲಸ ಅಪ್ಪನಿಗೆ ಸಿಕ್ಕಿತು. ಬಾಗಿಲ ಮೇಲೆ ‘ಅಧಿಕೃತ ಛಾಯಾಗ್ರಾಹಕರು’ ಎಂಬ ಬೋರ್ಡ್ ಬಂತು. ಅಪ್ಪ ಬೆಳಗ್ಗೆದ್ದು ಅದನ್ನು ಒರೆಸುತ್ತಿದ್ದರು, ಮಧ್ಯಾಹ್ನವೂ ಒರೆಸುತ್ತಿದ್ದರು. ಆದರೆ ಮೊದಲ ಕಂತಿನ ಫೋಟೊಗಳು ಅಷ್ಟೂ ವಾಪಸ್ ಬಂದವು. ಕಾರಣ, ಎಲ್ಲರೂ ನಗುತ್ತಿದ್ದರು. ಕಾರ್ಡಿನ ಯಂತ್ರಕ್ಕೆ ಹಲ್ಲು ಕಂಡರೆ ಆಗದು. ಅಪ್ಪನಿಗೋ, ಎದುರಿಗೆ ಕೂತವರನ್ನು ನಗಿಸದೆ ಕ್ಯಾಮೆರಾದ ಗುಂಡಿ ಒತ್ತಲು ಬೆರಳೇ ಬಾರದು. ಬೇಡ ಬೇಡ ಎಂದುಕೊಂಡೇ ಹೆಂಡತಿ ತವರಿಗೆ ಹೋದ ಜೋಕು ಹೇಳಿಬಿಡುತ್ತಾರೆ. (ಆ ಜೋಕು ಈಗ ಚಲಾವಣೆಯಲ್ಲಿಲ್ಲ.) ಕೊನೆಗೆ ಕ್ಯಾಮೆರಾದ ಪಕ್ಕದಲ್ಲಿ ನಿಂತು ನಾಗರಿಕರ ಮುಖದಿಂದ ನಗುವನ್ನು ತೊಲಗಿಸುವ ರಾಷ್ಟ್ರೀಯ ಹೊಣೆ ನನ್ನ ಹೆಗಲಿಗೆ ಬಿತ್ತು. ನಾನು ಅತ್ಯಂತ ಗಂಭೀರವಾಗಿ, ನಿಮ್ಮ ಸೊಸೆ ಅಡುಗೆ ಹೇಗೆ ಮಾಡ್ತಾಳೆ ಅಂತ ಕೇಳುತ್ತಿದ್ದೆ. ಯಂತ್ರಕ್ಕೆ ಬಹಳ ತೃಪ್ತಿಯಾಯಿತು.

ಅಮ್ಮನ ಕೆಲಸ ಇದಕ್ಕೆ ತದ್ವಿರುದ್ಧ. ಅವಳು ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಫೋಟೊಗಳಿಗೆ ಟಚಪ್ ಮಾಡುವವಳು. ಆದರೆ ಕೇಳದೆ ಯಾರ ಮುಖವನ್ನೂ ಮುಟ್ಟುವವಳಲ್ಲ. ಈ ಮಚ್ಚೆ ಇರ್ಲಾ ತೆಗೀಲಾ, ಹಣೆ ಮೇಲಿನ ಗಾಯ ನಿಮಗೆ ಬೇಕಾ, ಅಂತ ಪರದೆ ಸರಿಸಿ ಒಬ್ಬೊಬ್ಬರನ್ನೂ ಕೇಳುತ್ತಾಳೆ. ಮಗುವಿನ ಫೋಟೊ ಆದರೆ ಮಗುವನ್ನೇ ಕೇಳುತ್ತಾಳೆ.

ಇನ್ನು ಸಭೆ. ಕಾರ್ಡ್ ಬೇಕೋ ಬೇಡವೋ ಎಂದು ಗ್ರಂಥಾಲಯದ ಹಾಲ್‌ನಲ್ಲಿ ಚರ್ಚೆ ಇಟ್ಟಿದ್ದರು. ಅಮ್ಮ ಜನರ ನಡುವೆ ಕೂತಿದ್ದಳು, ನಾನು ಕ್ಯಾಮೆರಾ ಹಿಡಿದು ವೇದಿಕೆಯ ಬದಿಯಲ್ಲಿದ್ದೆ. ಔಷಧಿ ಅಂಗಡಿಯವರು ಅಧ್ಯಕ್ಷರು. ಅವರು ಎದ್ದವರೇ, ತಪ್ಪು ಮಾಡದವರಿಗೆ ಭಯ ಯಾಕ್ರೀ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ, ಎಂದರು. ಬಸ್ ಕಂಡಕ್ಟರ್ ಕೂತಲ್ಲಿಂದಲೇ, ನಾವು ಮುಟ್ಟಿ ನೋಡ್ಕೋತಿಲ್ಲ ಸಾರ್, ಊರಿನ ಹೆಗಲನ್ನೆಲ್ಲ ತಡವೋಕೆ ಹೊರಟಿರೋರು ನೀವು, ಎಂದ. ಚಪ್ಪಾಳೆಯೋ ಚಪ್ಪಾಳೆ. ಆಗ ಹಿಂದಿನ ಸಾಲಿನಿಂದ ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸು ಎದ್ದು, ಕಾರ್ಡ್ ಬೇಡ ಅನ್ನೋರ ಮನೇಲೆಲ್ಲ ಬೇರೆ ಬೇರೆ ಕಾಗದ ಇದಾವೆ, ನಾನು ಯಾರು ಅಂತ ಹೇಳೋಕೆ ನಂಗೆ ಒಂದೂ ಇಲ್ಲ, ಬಾಡಿಗೆ ಮನೆ ಕೇಳಿದ್ರೆ ನಾಯಿ ನೋಡ್ದಂಗೆ ನೋಡ್ತಾರೆ, ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಂಡಕ್ಟರ್ ಕೂಡ ತಲೆ ತಗ್ಗಿಸಿದ.

ಅಷ್ಟರಲ್ಲಿ ಅಪ್ಪ ಮೈಕು ಹಿಡಿದರು. ಆ ಹೆಂಗಸಿನ ಮಾತು ಅವರಿಗೆ ನಿಜವಾಗಿ ನಾಟಿತ್ತು. ಉತ್ಸಾಹದಲ್ಲಿ, ಮಾತಾಡಿದ್ರೆ ಸಾಲದು ಮಾಡಿ ತೋರಿಸ್ಬೇಕು, ಈ ಬಡಾವಣೆಯ ಮೊದಲನೇ ಕಾರ್ಡ್ ನನ್ನ ಹೆಂಡತೀದು, ಎಂದು ಘೋಷಿಸಿಬಿಟ್ಟರು. ಕಾರ್ಡ್ ಕಚೇರಿಯ ಸಾಹೇಬರು ಅಲ್ಲೇ ಬರೆದುಕೊಂಡರು.

ಇಲ್ಲಿಂದ ಮುಂದಿನದು ನಿನಗೇ ಗೊತ್ತು ಅಮ್ಮಾ. ಮನೆಗೆ ಬಂದ ಮೇಲೆ ನೀನು, ನನ್ನ ಮುಖ ಅಲ್ವಾ, ನನ್ನನ್ನೊಂದು ಮಾತು ಕೇಳ್ಬೇಕಿತ್ತು, ಎಂದೆ. ಅಪ್ಪ, ಕೇಳೋದೇನಿದೆ, ನೀನೇನು ಬೇರೆಯವಳಾ, ಎಂದರು. ನೀನು, ಬೇರೆಯವಳಾಗಿದ್ರೆ ಕೇಳ್ತಿದ್ರಿ, ಎಂದೆ. ಮರುದಿನ ನೀನು ಚೀಲ ಹಿಡಿದು ಹೊರಟೆ.

ನಿನಗೆ ಗೊತ್ತಿಲ್ಲದ್ದು ಇನ್ನು ಮೇಲೆ. ನೀನು ಹೋದ ಒಂದು ವಾರಕ್ಕೆ ಸಾಹೇಬರು ಸ್ಟುಡಿಯೋಗೆ ಬಂದರು. ಎಲ್ರೀ ನಿಮ್ಮ ಮನೆಯೋರ ಫೋಟೊ, ಮೊದಲನೇ ಕಾರ್ಡ್ ವೇದಿಕೆ ಮೇಲೆ ದೊಡ್ಡೋರ ಕೈಯಿಂದ ಕೊಡಿಸ್ಬೇಕು, ಎಂದರು. ಅಪ್ಪ, ಊರಿಗೆ ಹೋಗಿದಾಳೆ, ಎಂದು ಗೊಣಗಿದರು. ಅದಕ್ಕೇನಂತೆ, ಹಳೇದು ಯಾವುದಾದ್ರೂ ಹಾಕಿ, ಸಹಿ ನೀವೇ ಮಾಡಿ, ಗಂಡ ಹೆಂಡ್ತಿ ಮಧ್ಯೆ ಏನ್ರೀ, ಎಂದು ಸಾಹೇಬರು ಸುಗ್ರೀವಾಜ್ಞೆ ಹೊರಡಿಸಿದರು.

ಅಪ್ಪ ಕಂಪ್ಯೂಟರಿನಲ್ಲಿ ಹುಡುಕಿದರು. ನಿನ್ನ ಫೋಟೊಗಳಲ್ಲಿ ಯಂತ್ರ ಒಪ್ಪುವಂಥದ್ದು ಒಂದೂ ಇರಲಿಲ್ಲ. ಆಗ ನಾನು ಸಭೆಯ ದಿನ ತೆಗೆದದ್ದನ್ನು ತೆರೆದು ತೋರಿಸಿದೆ. ಅಪ್ಪ ಘೋಷಿಸಿದ ಕ್ಷಣವೇ ನಾನು ವೇದಿಕೆಯ ಬದಿಯಿಂದ ನಿನ್ನ ಕಡೆ ಕ್ಯಾಮೆರಾ ತಿರುಗಿಸಿದ್ದೆ. ಮುಖ ನೇರ, ಕಣ್ಣು ತೆರೆದಿದೆ, ಬೆಳಕು ಸಮ, ನಗು ಇಲ್ಲ. ಸಾಹೇಬರು ಬಗ್ಗಿ ನೋಡಿ, ಆಹಾ, ಇಂಥದ್ದೇ ಬೇಕಾಗಿತ್ತು, ಫಸ್ಟ್ ಕ್ಲಾಸ್, ಎಂದರು.

ಅಪ್ಪ ಪರದೆಯನ್ನೇ ನೋಡುತ್ತ ನಿಂತರು. ಸಾಹೇಬರು ಎರಡು ಸಲ ಕೆಮ್ಮಿದರು. ಅಪ್ಪ ನನ್ನ ಕಡೆ ತಿರುಗಿ, ಅವತ್ತು ಹಿಂಗೆ ಕೂತಿದ್ಲಾ ಇವಳು, ನಾನ್ಯಾಕೆ ನೋಡ್ಲಿಲ್ಲ, ಎಂದರು. ನೀವು ಮೈಕ್ ನೋಡ್ತಿದ್ರಿ ಅಪ್ಪಾ, ಎಂದೆ. ನನ್ನ ಜನ್ಮದಲ್ಲಿ ತಮಾಷೆ ಬೆರೆಸದೆ ಹೇಳಿದ ಮಾತುಗಳ ಪಟ್ಟಿ ಮಾಡಿದರೆ ಇದೂ ಅದರಲ್ಲಿ ಬರುತ್ತದೆ. ಅಪ್ಪ ಕಂಪ್ಯೂಟರ್ ಆರಿಸಿದರು. ಕೊಡಲ್ಲ ಸಾರ್, ಎಂದರು. ಸಾಹೇಬರು, ಮಾತು ಕೊಟ್ಟಿದೀರಿ, ಯೋಚಿಸಿ, ಊರಲ್ಲಿ ಬೇರೆ ಸ್ಟುಡಿಯೋಗಳೂ ಇವೆ, ಎಂದು ಹೇಳಿ ಹೋದರು.

ಮೊನ್ನೆ ಎರಡನೇ ಸಭೆ ಇತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಮೈಕಿನ ಮುಂದೆ ನಿಂತರು. ಹೋದ ಸಲ ನನ್ನದಲ್ಲದ್ದನ್ನ ಕೊಡ್ತೀನಿ ಅಂತ ಇಲ್ಲಿ ನಿಂತು ಹೇಳಿದ್ದೆ, ಅವಳನ್ನ ಕೇಳಿರ್ಲಿಲ್ಲ, ತಪ್ಪಾಯ್ತು, ಎಂದರು. ಮೈಕು ಕಿರ್ ಎಂದಿತು. ಕಂಡಕ್ಟರ್ ಎದ್ದು, ಹಂಗಾದ್ರೆ ನಮ್ಮ ಕಡೆ ಬನ್ನಿ ಯಜಮಾನ್ರೇ, ಜಾಗ ಇದೆ, ಎಂದ. ಅಪ್ಪ, ಬರಲ್ಲಪ್ಪ, ಕಾರ್ಡ್ ಬೇಕು ಅಂತ ಇವತ್ತೂ ಅಂತೀನಿ, ನನ್ನದನ್ನ ಇವತ್ತೇ ಕೊಡ್ತೀನಿ, ಅವಳದ್ದು ಕೊಡೋಕೆ ನಾನ್ಯಾರು, ಎಂದರು. ಔಷಧಿ ಅಂಗಡಿಯವರು, ಹೆಂಡ್ತೀಗೆ ಹೆದರ್ಕೊಂಡ್ರು ಅಂತ ಬರ್ಕೊಳ್ಳಿ, ಎಂದರು. ಹಾಲ್ ನಕ್ಕಿತು. ಅಪ್ಪ, ಬರ್ಕೊಳ್ಳಿ, ಎಂದು ಹೇಳಿ ಇಳಿದು ಬಂದರು.

ನಿನ್ನೆ ಬಾಗಿಲಿನ ಬೋರ್ಡ್ ಬಿಚ್ಚಿಕೊಂಡು ಹೋದರು. ಕಾರ್ಡಿನ ಕೆಲಸ ಈಗ ಬಸ್ ನಿಲ್ದಾಣದ ಹತ್ತಿರದ ಸ್ಟುಡಿಯೋದ ಪಾಲು. ಗೋಡೆಯಲ್ಲಿ ಮೊಳೆಯ ತೂತುಗಳು ಉಳಿದಿವೆ.

ಕಾರ್ಡ್ ಒಳ್ಳೆಯದೋ ಕೆಟ್ಟದ್ದೋ ನನಗೆ ಈಗಲೂ ಗೊತ್ತಿಲ್ಲ ಅಮ್ಮಾ. ಆ ಹೆಂಗಸಿಗೆ ಬಾಡಿಗೆ ಮನೆ ಸಿಗಲಿ ಅನಿಸುತ್ತದೆ. ಕಂಡಕ್ಟರನ ಭಯವೂ ಸುಳ್ಳಲ್ಲ ಅನಿಸುತ್ತದೆ. ಆದರೆ ‘ಗಂಡ ಹೆಂಡ್ತಿ ಮಧ್ಯೆ ಏನ್ರೀ’ ಎಂದು ಸಾಹೇಬರು ಅಷ್ಟು ಸಲೀಸಾಗಿ ಹೇಳಿದ್ದು ಮಾತ್ರ ತಲೆಯಿಂದ ಹೋಗುತ್ತಿಲ್ಲ. ನೀನು ಬಾ ಎಂದು ನಾನು ಬರೆಯುವುದಿಲ್ಲ. ನಿನ್ನ ಪರವಾಗಿ ತೀರ್ಮಾನ ಮಾಡುವ ಚಟ ಈ ಮನೆಯಲ್ಲಿ ಸದ್ಯಕ್ಕೆ ನಿಷೇಧಿತ.

ಇಂತಿ, ನಿನ್ನ ವಿಧೇಯಳೆಂದು ತಾನೇ ದೃಢೀಕರಿಸಿಕೊಂಡ ಮಗಳು,
ತರಲೆ

ಮರೆತ ಮಾತು: ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ನೋಡಿರುತ್ತೀಯ. ಇದನ್ನು ಅಂಟಿಸಿ ಅಪ್ಪನ ಕೈಗೇ ಕೊಟ್ಟು ನಾಳೆ ಬೆಳಗಿನ ಬಸ್ಸು ಹತ್ತಿಸುತ್ತೇನೆ, ಒಳಗೆ ಏನಿದೆ ಎಂದು ಅವರು ಕೇಳಿಲ್ಲ. ಬೆಲ್ ಒತ್ತಿ, ಇದನ್ನು ಬಾಗಿಲ ಕೆಳಗೆ ತೂರಿಸಿ, ಗೇಟಿನ ಆಚೆ ಹೋಗಿ ನಿಂತಿರುತ್ತಾರಂತೆ. ಅವಳು ಕರೆದ್ರೆ ಒಳಗೆ ಹೋಗ್ತೀನಿ, ಇಲ್ಲಾಂದ್ರೆ ಸಂಜೆ ಬಸ್ಸಿಗೆ ವಾಪಸ್ ಬರ್ತೀನಿ ಎಂದಿದ್ದಾರೆ. ದೊಡ್ಡಮ್ಮನಿಗೆ ಹೇಳು, ಈ ಸಲ ಅವರೂ ನಡುವೆ ಬಾಯಿ ಹಾಕಬಾರದು.