ಕೇಳಿಸಿದರೆ ಮಾತ್ರ ಹೂಂ

ಅಜ್ಜೀ,

ನಾನು ಕೆಲಸಕ್ಕೆ ಹೊರಟೆ. ಹನ್ನೊಂದಕ್ಕೆ ದನಿಯ ವ್ಯಾಯಾಮ ಮಾಡಿಸುವ ಮಾತಿನ ಟೀಚರ್ ಫೋನಿನ ವಿಡಿಯೋದಲ್ಲಿ ಬರುತ್ತಾರೆ. ಹಸಿರು ಗುಂಡಿ ಒತ್ತು. ಕೈ ನಡುಗಿದರೆ ನಡುಗಲಿ, ಅವರು ಕಾಯುತ್ತಾರೆ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದ್ದೇನೆ, ಕದಲಿಸಬೇಡ.

ಅವರು ಹೇಳಿಕೊಟ್ಟಾಗ ಬರೀ ತಲೆಯಾಡಿಸಬೇಡ, "ಆ" ಅಂತ ಗಟ್ಟಿಯಾಗಿ ಕೂಗು. "ಪಕ್ಕದ ಮನೆಯೋರು ಏನಂದ್ಕೋತಾರೆ?" ಅಂತೀಯಲ್ಲ, ಅಂದುಕೊಳ್ಳಲಿ! ಚಿಕ್ಕಂದಿನಲ್ಲಿ ನಿನ್ನ ಕಥೆಯ ರಾಕ್ಷಸ ಗುಡುಗಿದರೆ ನಾನು ಹೊದಿಕೆಯೊಳಗೆ ಸೇರಿಕೊಳ್ಳುತ್ತಿದ್ದೆ. ಆ ದನಿ ಬೇಕು ನನಗೆ.

ಎದುರಿಗೆ ಹೇಳಲಾಗದೆ ಬರೆಯುತ್ತಿದ್ದೇನೆ. ಈ ಪಾರ್ಕಿನ್ಸನ್ ಕಾಯಿಲೆ ನಿನ್ನ ದನಿ ಕುಗ್ಗಿಸಿದ ಮೇಲೆ, ನೀನು ನೊಂದುಕೊಳ್ಳುತ್ತೀಯ ಅಂತ, ಕಥೆ ಕೇಳಿಸದಿದ್ದರೂ ಹೂಂಗುಟ್ಟಿದ್ದೇನೆ. ತಪ್ಪಾಯ್ತು.

ಸಂಜೆ ಅದೇ ರಾಕ್ಷಸನ ಕಥೆ ಹೇಳು. ನಾನು ಅಡುಗೆಮನೆಯಲ್ಲಿರುತ್ತೇನೆ. ಇನ್ನು ಕೇಳಿಸಿದರೆ ಮಾತ್ರ ಹೂಂ. ನಾನು ಸುಮ್ಮನಿದ್ದರೆ ನಿಲ್ಲಿಸಬೇಡ, ಇನ್ನೊಮ್ಮೆ ಗುಡುಗು. ಕಾಯುತ್ತಿರುತ್ತೇನೆ.

ನಿನ್ನ ಮೊಮ್ಮಗಳು